ಬೇಡ್ತಿ ಕಣಿವೆಗೆ ಬಾರದ ರೈಲು: ಕಲಘಟಗಿಯ ನಿಲ್ದಾಣ ಕಾಗದದಲ್ಲೇ ಉಳಿದುದೇಕೆ?

ಬಮ್ಮಿಗಟ್ಟಿ (ಕಲಘಟಗಿ ತಾ.): ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದಲ್ಲಿ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇದೆ. ಜಗತ್ತಿನಲ್ಲಿಯೇ ಅತಿ ಉದ್ದವಾದುದು ಎಂಬ ಹೆಗ್ಗಳಿಕೆಯೊಂದಿಗೆ 2023ರ ಮಾರ್ಚ್ 12ರಂದು ಅದು ಲೋಕಾರ್ಪಣೆಗೊಂಡಿತು. ಅದೇ ಧಾರವಾಡ ಜಿಲ್ಲೆಯ ಕಲಘಟಗಿ ತಾಲ್ಲೂಕಿನಲ್ಲಿ ರೈಲು ನಿಲ್ದಾಣವೆಂಬುದೇ ಇಲ್ಲ. ಬಮ್ಮಿಗಟ್ಟಿಯ ರೈತನೊಬ್ಬ ಬೆಂಗಳೂರಿಗೆ ರೈಲಿನಲ್ಲಿ ಹೋಗಬೇಕೆಂದರೆ ಮೊದಲು ಬಸ್ಸು ಹಿಡಿದು ಧಾರವಾಡಕ್ಕೋ ಹುಬ್ಬಳ್ಳಿಗೋ ಹೋಗಬೇಕು. ರಾತ್ರಿಯ ರೈಲಿನಲ್ಲಿ ಮರಳಿ ಬಂದರೆ ಬೆಳಗಿನ ಮೊದಲ ಬಸ್ಸಿನವರೆಗೆ ನಿಲ್ದಾಣದಲ್ಲಿಯೇ ಕಾಯಬೇಕು.

ಇದೇನೂ ಹೊಸ ದೂರಲ್ಲ. ಈ ತಾಲ್ಲೂಕಿಗೆ ರೈಲು ಬರುವುದೆಂಬ ಮಾತು ಎರಡು ಬಾರಿ ಗಟ್ಟಿಯಾಗಿ ಕೇಳಿಬಂದಿತ್ತು. ಮೊದಲ ಬಾರಿ 19ನೇ ಶತಮಾನದ ಉತ್ತರಾರ್ಧದಲ್ಲಿ, ಎರಡನೆಯ ಬಾರಿ 1990ರ ದಶಕದಲ್ಲಿ. ಮೊದಲನೆಯದನ್ನು ಒಂದು ಅಂತರರಾಷ್ಟ್ರೀಯ ಒಪ್ಪಂದ ನುಂಗಿತು. ಎರಡನೆಯದು ಕಾಡು ಮತ್ತು ಕಾನೂನಿನ ನಡುವೆ ನಿಂತಿದೆ. ಎರಡೂ ಸಲ ಮಾತುಕತೆ ನಡೆದದ್ದು ಬಂದರಿನ ಬಗ್ಗೆ, ಸರಕಿನ ಬಗ್ಗೆ. ಕಲಘಟಗಿಯ ಪ್ರಯಾಣಿಕನ ಅಗತ್ಯ ಯಾವ ಲೆಕ್ಕದಲ್ಲಿಯೂ ಮೊದಲ ಸಾಲಿಗೆ ಬರಲಿಲ್ಲ. ಈ ಸಮಸ್ಯೆಯ ಬೇರು ಇರುವುದು ಅಲ್ಲಿಯೇ.

ಹತ್ತಿಯ ಕಾಲದ ಕನಸು

ಧಾರವಾಡದ ದಕ್ಷಿಣಕ್ಕೆ ಸೋಮೇಶ್ವರದ ಬಳಿ ಹುಟ್ಟುವ ಶಾಲ್ಮಲಾ ಮತ್ತು ಹುಬ್ಬಳ್ಳಿಯ ಕಡೆಯಿಂದ ಬರುವ ಬೇಡ್ತಿ ಕಲಘಟಗಿಯ ಸೀಮೆಯಲ್ಲಿ ಕೂಡುತ್ತವೆ. ಮುಂದೆ ಯಲ್ಲಾಪುರದ ಕಾಡನ್ನು ಹೊಕ್ಕು, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಎಂಬ ಹೆಸರಿನಲ್ಲಿ ಅಂಕೋಲಾದ ಕಡೆ ಸಮುದ್ರ ಸೇರುತ್ತವೆ. ಬಯಲುಸೀಮೆಯಿಂದ ಕಡಲಿಗೆ ನಿಸರ್ಗವೇ ಬಿಡಿಸಿಟ್ಟ ದಾರಿ ಇದು. ಹುಬ್ಬಳ್ಳಿಯನ್ನು ಕರಾವಳಿಗೆ ಜೋಡಿಸುವ ಪ್ರತಿಯೊಂದು ಯೋಜನೆಯೂ ಈ ಕಣಿವೆಯತ್ತಲೇ ಕಣ್ಣು ಹಾಯಿಸಿದ್ದು ಆಕಸ್ಮಿಕವಲ್ಲ.

1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಂದ ಬರುತ್ತಿದ್ದ ಹತ್ತಿ ನಿಂತುಹೋಯಿತು. ಗಿರಣಿ ಮಾಲೀಕರ ದೃಷ್ಟಿ ಭಾರತದ ಕರಿಮಣ್ಣಿನ ಮೇಲೆ ಬಿತ್ತು. ಅಮೆರಿಕದ ತಳಿಯ ಹತ್ತಿಯನ್ನು ಯಶಸ್ವಿಯಾಗಿ ಬೆಳೆಯುತ್ತಿದ್ದ ಧಾರವಾಡ ಜಿಲ್ಲೆ ಅವರಿಗೆ ವಿಶೇಷವಾಗಿ ಬೇಕಾಯಿತು. ಆದರೆ ಹತ್ತಿಯನ್ನು ಹಡಗಿಗೆ ತಲುಪಿಸುವುದು ಹೇಗೆ? ಹತ್ತಿರದ ಒಳ್ಳೆಯ ಬಂದರು ಕಾರವಾರ. ಆಗ ಕಾರವಾರ ಮದ್ರಾಸ್ ಪ್ರಾಂತದಲ್ಲಿತ್ತು, ಧಾರವಾಡ ಮುಂಬಯಿ ಪ್ರಾಂತದಲ್ಲಿತ್ತು. ಬಂದರನ್ನು ಬೆಳೆಸುವ ಉದ್ದೇಶದಿಂದಲೇ 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿ ಪ್ರಾಂತಕ್ಕೆ ವರ್ಗಾಯಿಸಲಾಯಿತು. ಒಂದು ಜಿಲ್ಲೆಯ ಆಡಳಿತವನ್ನೇ ಬದಲಿಸುವಷ್ಟು ಶಕ್ತಿ ಹತ್ತಿಯ ಮೂಟೆಗಳಿಗಿತ್ತು.

ಅರಬೈಲ್ ಘಟ್ಟದ ಮೂಲಕ ಹುಬ್ಬಳ್ಳಿ-ಕಾರವಾರ ರಸ್ತೆ ಬಲಗೊಂಡಿತು. ಕಲಘಟಗಿ ಆ ದಾರಿಯ ಮೇಲಿನ ಊರಾಯಿತು. ಮುಂದಿನ ಹೆಜ್ಜೆಯಾಗಿ ಕಾರವಾರದಿಂದ ಒಳನಾಡಿಗೆ ರೈಲು ಮಾರ್ಗ ಹಾಕುವ ಪ್ರಸ್ತಾಪ ಬಂದಿತು. 1870ರ ದಶಕದವರೆಗೂ ಈ ಬಗ್ಗೆ ಸಮೀಕ್ಷೆ, ಚರ್ಚೆಗಳು ನಡೆದವು. ಆ ಮಾರ್ಗ ಆಗಿಬಿಟ್ಟಿದ್ದರೆ ಧಾರವಾಡ ಜಿಲ್ಲೆಯ ಮೊದಲ ರೈಲು ನಿಲ್ದಾಣಗಳ ಸಾಲಿನಲ್ಲಿ ಕಲಘಟಗಿ ಭಾಗವೂ ಇರುತ್ತಿತ್ತೆಂದು ಹೇಳಿದರೆ ಅತಿಶಯವಾಗದು.

ಕಾರವಾರ ಸೋತಿತು, ಮುರ್ಮಗೋವಾ ಗೆದ್ದಿತು

ಆದರೆ 1878ರ ಡಿಸೆಂಬರ್‌ನಲ್ಲಿ ಬ್ರಿಟನ್ ಮತ್ತು ಪೋರ್ಚುಗಲ್ ನಡುವೆ ಒಪ್ಪಂದವೊಂದು ಏರ್ಪಟ್ಟಿತು. ಗೋವೆಯ ಉಪ್ಪಿನ ತಯಾರಿಕೆ ಹಾಗೂ ಮಾರಾಟದ ಮೇಲಿನ ಹಿಡಿತ ಬ್ರಿಟಿಷ್ ಭಾರತ ಸರ್ಕಾರಕ್ಕೆ ಬಂದಿತು. ಪ್ರತಿಯಾಗಿ ಪೋರ್ಚುಗೀಸರಿಗೆ ವರ್ಷಕ್ಕೆ 4 ಲಕ್ಷ ರೂಪಾಯಿ ಮತ್ತು ಮುರ್ಮಗೋವಾ ಬಂದರಿನಿಂದ ಬ್ರಿಟಿಷ್ ಭಾರತದ ಗಡಿಯವರೆಗೆ ರೈಲು ಮಾರ್ಗದ ಭರವಸೆ ದೊರೆಯಿತು. ಒಂದೇ ಬಯಲಿನ ಸರಕಿಗೆ ಎರಡು ಬಂದರು, ಎರಡು ಘಟ್ಟದ ರೈಲು ಸಾಧ್ಯವಿರಲಿಲ್ಲ. ಕಾರವಾರದ ಯೋಜನೆ ಕೈಬಿಟ್ಟಿತು.

ಇದರ ಬೆನ್ನಲ್ಲೇ ಬರಗಾಲದ ನೆನಪೂ ಕೆಲಸ ಮಾಡಿತು. 1876ರಿಂದ 1878ರವರೆಗಿನ ಭೀಕರ ಬರದಲ್ಲಿ ಧಾರವಾಡ, ಬಿಜಾಪುರ, ಬಳ್ಳಾರಿ ಸೀಮೆಗಳಲ್ಲಿ ಅಸಂಖ್ಯ ಜನ ಸತ್ತರು. ಧಾನ್ಯ ಸಾಗಿಸಲು ರೈಲಿಲ್ಲದಿರುವುದೇ ಸಾವಿನ ಪ್ರಮಾಣ ಹೆಚ್ಚಲು ಕಾರಣವೆಂಬ ಅಭಿಪ್ರಾಯ ಸರ್ಕಾರದ ಮಟ್ಟದಲ್ಲಿ ಬಲಗೊಂಡಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಸ್ಥಾಪನೆಯಾಯಿತು. 1884ರಿಂದ ಮುಂದಿನ ಕೆಲವೇ ವರ್ಷಗಳಲ್ಲಿ ಬಳ್ಳಾರಿ, ಹೊಸಪೇಟೆ, ಗದಗ, ಹುಬ್ಬಳ್ಳಿ, ಧಾರವಾಡ, ಲೋಂಡಾಗಳನ್ನು ಮೀಟರ್ ಗೇಜ್ ಹಳಿ ಜೋಡಿಸಿತು. ಕ್ಯಾಸಲ್‌ರಾಕ್‌ನಿಂದ ದೂಧಸಾಗರದ ಪಕ್ಕದಲ್ಲಿ ಇಳಿಯುವ ಘಟ್ಟದ ಮಾರ್ಗ 1888ರ ವೇಳೆಗೆ ಪೂರ್ಣಗೊಂಡಿತು.

ಹಳಿ ಎಲ್ಲಿ ಹಾಯಿತೋ ಅಲ್ಲಿಯ ಊರುಗಳ ಭಾಗ್ಯ ಬದಲಾಯಿತು. ಗದಗಿನ ದಾರಿಯಲ್ಲಿ ಅಣ್ಣಿಗೇರಿಗೆ ನಿಲ್ದಾಣ ಸಿಕ್ಕಿತು. ಹರಿಹರದ ದಾರಿಯಲ್ಲಿ ಕುಂದಗೋಳಕ್ಕೆ ಸಿಕ್ಕಿತು. ಲೋಂಡಾದ ದಾರಿಯಲ್ಲಿ ಅಳ್ನಾವರ ಒಂದು ಜಂಕ್ಷನ್ ಆಗಿಯೇ ಬೆಳೆಯಿತು. ದಾಂಡೇಲಿಯ ಕಾಡಿನ ಮರವನ್ನು ಹೊರತರಲು ಅಲ್ಲಿಂದ ಕವಲು ಮಾರ್ಗವೂ ಬಂದಿತು. ನವಲಗುಂದ ಮತ್ತು ಕಲಘಟಗಿ ಪಟ್ಟಣಗಳು ಮಾತ್ರ ಹಳಿಯಿಂದ ದೂರವೇ ಉಳಿದವು. ನಕ್ಷೆಯನ್ನು ನೋಡಿದರೆ ಕಲಘಟಗಿಯ ಉತ್ತರಕ್ಕೂ ಪೂರ್ವಕ್ಕೂ ರೈಲು ಹಾದುಹೋಗುತ್ತದೆ, ತಾಲ್ಲೂಕು ಕೇಂದ್ರಕ್ಕೆ ಮಾತ್ರ ಅದು ತಾಗುವುದಿಲ್ಲ.

ಮುಖ್ಯ ಕಚೇರಿ ಹೋಯಿತು, ಮರಳಿ ಬಂದಿತು

ಇಂದಿನ ಪೀಳಿಗೆಗೆ ಬಹುಶಃ ತಿಳಿಯದ ಸಂಗತಿಯೊಂದಿದೆ. ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿ ಇದ್ದದ್ದು ಧಾರವಾಡದಲ್ಲಿ. ಕರ್ನಾಟಕ ಕಾಲೇಜಿನ ಭವ್ಯವಾದ ಕಲ್ಲಿನ ಕಟ್ಟಡ ಮೂಲತಃ ಆ ಕಂಪನಿಯದು. 1908ರಲ್ಲಿ ಮದ್ರಾಸ್ ರೈಲ್ವೆಯೊಂದಿಗೆ ವಿಲೀನವಾಗಿ ಮದ್ರಾಸ್ ಆ್ಯಂಡ್ ಸದರ್ನ್ ಮರಾಠಾ ರೈಲ್ವೆ ಎಂಬ ಹೊಸ ಕಂಪನಿ ಆದಾಗ ಮುಖ್ಯ ಕಚೇರಿ ಮದ್ರಾಸಿಗೆ ಹೋಯಿತು. ಹುಬ್ಬಳ್ಳಿಯಲ್ಲಿ ಕಾರ್ಯಾಗಾರ ಉಳಿಯಿತು, ನಿರ್ಧಾರ ತೆಗೆದುಕೊಳ್ಳುವ ಮೇಜು ಉಳಿಯಲಿಲ್ಲ.

ಸ್ವಾತಂತ್ರ್ಯಾನಂತರ 1951ರಲ್ಲಿ ಈ ಭಾಗ ದಕ್ಷಿಣ ರೈಲ್ವೆಗೆ ಸೇರಿತು, 1966ರಲ್ಲಿ ಸಿಕಂದರಾಬಾದ್ ಕೇಂದ್ರವಾಗಿರುವ ದಕ್ಷಿಣ ಮಧ್ಯ ರೈಲ್ವೆಗೆ ಹೋಯಿತು. ನೈರುತ್ಯ ರೈಲ್ವೆ ವಲಯದ ಕೇಂದ್ರ ಹುಬ್ಬಳ್ಳಿಯಲ್ಲಿಯೇ ಇರಬೇಕೆಂದು ಅವಳಿ ನಗರದ ಜನ ಬೀದಿಗಿಳಿದು ಹೋರಾಡಿದ್ದು ಹಲವರಿಗೆ ನೆನಪಿದೆ. 2003ರ ಏಪ್ರಿಲ್ 1ರಂದು ಹುಬ್ಬಳ್ಳಿ ಕೇಂದ್ರವಾಗಿ ನೈರುತ್ಯ ರೈಲ್ವೆ ಕಾರ್ಯಾರಂಭ ಮಾಡಿತು. 1908ರಿಂದ ಎಣಿಸಿದರೆ ಮುಖ್ಯ ಕಚೇರಿಯೊಂದು ಈ ಜಿಲ್ಲೆಗೆ ಮರಳಲು 95 ವರ್ಷ ಬೇಕಾಯಿತು.

ಅದರ ಫಲ ಕಣ್ಣಿಗೆ ಕಾಣುವಂತಿದೆ. 1990ರ ದಶಕದಲ್ಲಿ ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂದಿತ್ತು. ನಂತರ ಜೋಡಿ ಮಾರ್ಗದ ಕಾಮಗಾರಿಗಳು ನಡೆದವು. ಹುಬ್ಬಳ್ಳಿ ಯಾರ್ಡನ್ನು ಮರುವಿನ್ಯಾಸಗೊಳಿಸಲಾಯಿತು. 2020ರಲ್ಲಿ ನಿಲ್ದಾಣಕ್ಕೆ ಸಿದ್ಧಾರೂಢರ ಹೆಸರು ಬಂದಿತು. 2023ರ ಮಾರ್ಚ್‌ನಲ್ಲಿ ಉದ್ದದ ಪ್ಲಾಟ್‌ಫಾರ್ಮ್‌ನೊಂದಿಗೆ ಹೊಸಪೇಟೆ-ಹುಬ್ಬಳ್ಳಿ-ತಿನೈಘಾಟ್ ವಿದ್ಯುದೀಕರಣವೂ ಲೋಕಾರ್ಪಣೆಗೊಂಡಿತು. ಅದೇ ವರ್ಷದ ಜೂನ್ 27ರಂದು ಬೆಂಗಳೂರು-ಧಾರವಾಡ ವಂದೇ ಭಾರತ್ ಆರಂಭವಾಯಿತು. ಅಮೃತ ಭಾರತ ನಿಲ್ದಾಣ ಯೋಜನೆಯಡಿ ಅಳ್ನಾವರವೂ ಆಯ್ಕೆಯಾಯಿತು. 2025ರ ಮೇ 22ರಂದು ದೇಶದ 103 ನಿಲ್ದಾಣಗಳ ಜತೆ ಧಾರವಾಡದ ನವೀಕೃತ ನಿಲ್ದಾಣವೂ ಉದ್ಘಾಟನೆಗೊಂಡಿತು.

ಉದ್ದದ ಪ್ಲಾಟ್‌ಫಾರ್ಮ್ ಕೇವಲ ದಾಖಲೆಗಾಗಿ ಕಟ್ಟಿದ್ದೆಂಬ ಟೀಕೆಯಲ್ಲಿ ಪೂರ್ಣ ಸತ್ಯವಿಲ್ಲ. ಗದಗ, ಬೆಂಗಳೂರು ಹಾಗೂ ಲೋಂಡಾ ಕಡೆಗಳ ಮಾರ್ಗಗಳು ಹುಬ್ಬಳ್ಳಿಯಲ್ಲಿ ಕೂಡುತ್ತವೆ. ಒಂದು ಪೂರ್ಣ ಪ್ರಮಾಣದ ಪ್ರಯಾಣಿಕ ರೈಲು ಸುಮಾರು 600 ಮೀಟರ್ ಉದ್ದವಿರುತ್ತದೆ. ಒಂದೂವರೆ ಕಿಲೋಮೀಟರ್ ಉದ್ದದ ಕಟ್ಟೆಯ ಮೇಲೆ ಎರಡು ರೈಲುಗಳನ್ನು ಒಂದೇ ಕಾಲಕ್ಕೆ ನಿಲ್ಲಿಸಬಹುದು, ಎರಡು ದಿಕ್ಕಿಗೆ ಹೊರಡಿಸಬಹುದು. ಇಕ್ಕಟ್ಟಾದ ಯಾರ್ಡಿನಲ್ಲಿ ಹೊಸ ಪ್ಲಾಟ್‌ಫಾರ್ಮ್‌ಗಳಿಗೆ ಅಡ್ಡಲಾಗಿ ಜಾಗವಿಲ್ಲದಾಗ ಉದ್ದಕ್ಕೆ ಬೆಳೆಸುವುದು ಒಂದು ಪರಿಹಾರ. ಆದರೆ ಅಲ್ಲಿಗೆ ತಲುಪುವ ದಾರಿಯೇ ಇಲ್ಲದವನಿಗೆ ಕಟ್ಟೆ ಎಷ್ಟು ಉದ್ದವಿದ್ದರೇನು ಎಂಬ ಪ್ರಶ್ನೆಗೆ ಈ ಆಧುನೀಕರಣದಲ್ಲಿ ಉತ್ತರವಿಲ್ಲ.

ಎರಡನೆಯ ಭರವಸೆ

1997-98ರ ರೈಲ್ವೆ ಬಜೆಟ್‌ನಲ್ಲಿ ಹುಬ್ಬಳ್ಳಿ-ಅಂಕೋಲಾ ಹೊಸ ಮಾರ್ಗಕ್ಕೆ ಮಂಜೂರಾತಿ ದೊರೆಯಿತು. ಉದ್ದ ಸುಮಾರು 165 ಕಿ.ಮೀ., ಆಗಿನ ಅಂದಾಜು ವೆಚ್ಚ 500 ಕೋಟಿ ರೂಪಾಯಿಯ ಆಸುಪಾಸು. ಕಲಘಟಗಿ, ಯಲ್ಲಾಪುರಗಳ ಮೂಲಕ ಘಟ್ಟ ಇಳಿದು ಅಂಕೋಲಾದಲ್ಲಿ ಕೊಂಕಣ ರೈಲ್ವೆಯನ್ನು ಸೇರುವ ಯೋಜನೆ ಇದು. ಕೊಂಕಣ ರೈಲ್ವೆ 1998ರ ಜನವರಿ 26ರಂದು ಪೂರ್ಣವಾಗಿ ಸಂಚಾರಕ್ಕೆ ತೆರೆದುಕೊಂಡಿದ್ದರಿಂದ ನಿರೀಕ್ಷೆ ಇನ್ನಷ್ಟು ಹೆಚ್ಚಿತು. ಹತ್ತಿಯ ಕಾಲದ ಕನಸು ನೂರಿಪ್ಪತ್ತು ವರ್ಷಗಳ ನಂತರ ಮತ್ತೆ ಕಣ್ಣು ತೆರೆದಂತಾಗಿತ್ತು.

ಈ ಬಾರಿ ಹತ್ತಿಯ ಜಾಗಕ್ಕೆ ಕಬ್ಬಿಣದ ಅದಿರು ಬಂದಿತ್ತು. ಬಳ್ಳಾರಿ-ಹೊಸಪೇಟೆಯ ಅದಿರನ್ನು ಪಶ್ಚಿಮ ಕರಾವಳಿಯ ಬಂದರುಗಳಿಗೆ ತಲುಪಿಸುವುದೇ ಯೋಜನೆಯ ಆರ್ಥಿಕ ಸಮರ್ಥನೆಯ ಬೆನ್ನೆಲುಬು. ಕ್ಯಾಸಲ್‌ರಾಕ್ ಘಟ್ಟದಲ್ಲಿ ಪ್ರತಿ 37 ಅಡಿಗೆ ಒಂದು ಅಡಿ ಏರುವ ಕಡಿದಾದ ಹಳಿ ಇದೆ. ಅಲ್ಲಿ ಭಾರದ ರೈಲುಗಳಿಗೆ ಹೆಚ್ಚುವರಿ ಎಂಜಿನ್‌ಗಳು ಬೇಕು. ಇಳಿಜಾರು ಕಡಿಮೆ ಇರುವ ಎರಡನೆಯ ದಾರಿಯೊಂದಿದ್ದರೆ ಸಾಗಣೆ ಸುಲಭವೆಂಬುದು ವಾದ.

ಹುಬ್ಬಳ್ಳಿಯಿಂದ ಕಿರವತ್ತಿಯವರೆಗಿನ ಸುಮಾರು 47 ಕಿ.ಮೀ. ಮೊದಲ ಹಂತದಲ್ಲಿ ಮಣ್ಣಿನ ಕೆಲಸ ಆರಂಭವಾಯಿತು. ಕಲಘಟಗಿ ತಾಲ್ಲೂಕು ಬರುವುದು ಇದೇ ಹಂತದಲ್ಲಿ. ಜನ ರೈಲು ಇನ್ನೇನು ಬಂದೇಬಿಟ್ಟಿತೆಂದು ನಂಬಿದರು. ಆದರೆ ಕಾಮಗಾರಿ ಅರ್ಧಕ್ಕೇ ನಿಂತಿತು. ಹಳಿ ಬರಲಿಲ್ಲ.

ಕಾಡಿನ ಪ್ರಶ್ನೆ

ನಿಂತದ್ದಕ್ಕೆ ಕಾರಣ ಕಿರವತ್ತಿಯಿಂದಾಚೆಗಿನ ಕಾಡು. ಮಾರ್ಗ ಹಾದುಹೋಗುವ ಪ್ರದೇಶ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಮತ್ತು ಬೇಡ್ತಿ ಸಂರಕ್ಷಣಾ ಮೀಸಲು ಪ್ರದೇಶದ ಆಸುಪಾಸಿನದು. ಆನೆ, ಹುಲಿ, ಮಂಗಟ್ಟೆ ಹಕ್ಕಿಗಳ ಓಡಾಟದ ನೆಲೆ. ಬೇಕಾಗುವ ಅರಣ್ಯ ಭೂಮಿಯ ಪ್ರಮಾಣವನ್ನು ಹಲವು ಬಾರಿ ಪರಿಷ್ಕರಿಸಿ ಕಡೆಗೆ 595.64 ಹೆಕ್ಟೇರ್‌ಗೆ ಇಳಿಸಲಾಯಿತು. ಅಷ್ಟಾದರೂ ಬಲಿಯಾಗುವ ಮರಗಳ ಲೆಕ್ಕ 2 ಲಕ್ಷದ ಆಸುಪಾಸಿನಲ್ಲಿದೆ. 2004ರಲ್ಲಿಯೇ ಕೇಂದ್ರ ಪರಿಸರ ಸಚಿವಾಲಯ ಪ್ರಸ್ತಾವವನ್ನು ತಿರಸ್ಕರಿಸಿತ್ತು. ಸುಪ್ರೀಂ ಕೋರ್ಟ್‌ನ ಕೇಂದ್ರ ಉನ್ನತಾಧಿಕಾರ ಸಮಿತಿಯೂ ಯೋಜನೆಯ ವಿರುದ್ಧವೇ ಅಭಿಪ್ರಾಯ ನೀಡಿತು.

2020ರ ಮಾರ್ಚ್ ತಿಂಗಳ ಬೆಳವಣಿಗೆಗಳು ಸ್ವಾರಸ್ಯಕರ. ರಾಜ್ಯ ವನ್ಯಜೀವಿ ಮಂಡಳಿಯ ಸಭೆಯಲ್ಲಿ ಮೊದಲು ಯೋಜನೆಗೆ ವಿರೋಧ ವ್ಯಕ್ತವಾಯಿತು, ಕೆಲವೇ ದಿನಗಳಲ್ಲಿ ಮತ್ತೊಂದು ಸಭೆ ಸೇರಿ ಒಪ್ಪಿಗೆಯ ಶಿಫಾರಸು ಹೊರಬಿದ್ದಿತು. ಇದನ್ನು ಪ್ರಶ್ನಿಸಿ ಸಲ್ಲಿಕೆಯಾದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇರೆಗೆ ಅದೇ ವರ್ಷದ ಜೂನ್‌ನಲ್ಲಿ ಹೈಕೋರ್ಟ್ ಮಧ್ಯಂತರ ತಡೆ ನೀಡಿತು. ಬಳಿಕ ವಿಷಯ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಅಂಗಳ ತಲುಪಿತು. 2022ರಲ್ಲಿ ತಜ್ಞರ ತಂಡ ಉತ್ತರ ಕನ್ನಡಕ್ಕೆ ಬಂದು ಜನರ ಅಹವಾಲು ಆಲಿಸಿತು. ತರುವಾಯ ಪರಿಷ್ಕೃತ ಯೋಜನಾ ವರದಿಯ ಮಾತುಗಳು ಕೇಳಿಬರುತ್ತಿವೆ.

ಕಾಡಿನ ಪರವಾದ ಧ್ವನಿಯನ್ನು ಅಭಿವೃದ್ಧಿ ವಿರೋಧವೆಂದು ಕರೆದು ತಳ್ಳಿಹಾಕುವುದು ಸುಲಭ. ಆದರೆ ಈ ಕಣಿವೆಗೆ ತನ್ನದೇ ಆದ ಇತಿಹಾಸವಿದೆ. ಬೇಡ್ತಿ ಜಲವಿದ್ಯುತ್ ಯೋಜನೆಯ ವಿರುದ್ಧ ಇಲ್ಲಿಯ ಅಡಿಕೆ ಬೆಳೆಗಾರರೇ ಎದ್ದು ನಿಂತಿದ್ದರು. 1981ರಲ್ಲಿ ಶಿರಸಿಯಲ್ಲಿ ವಿಜ್ಞಾನಿಗಳನ್ನು ಕರೆಸಿ ಯೋಜನೆಯ ಲಾಭ-ನಷ್ಟಗಳನ್ನು ಬಹಿರಂಗವಾಗಿ ಚರ್ಚಿಸಿದ್ದರು. ಯೋಜನೆ ನಿಂತಿತು. ಘೋಷಣೆಗಿಂತ ಲೆಕ್ಕಾಚಾರದಿಂದ ಗೆದ್ದ ಹೋರಾಟವದು.

ಇತ್ತೀಚಿನ ಮಳೆಗಾಲಗಳು ಆ ಲೆಕ್ಕಕ್ಕೆ ಹೊಸ ಅಂಕಿಗಳನ್ನು ಸೇರಿಸಿವೆ. 2021ರ ಜುಲೈನಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ತೋಟ-ಮನೆಗಳು ಮಣ್ಣಾದವು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಜರಿದು ಜೀವಹಾನಿಯಾಯಿತು, ಅವಶೇಷಗಳು ಗಂಗಾವಳಿ ನದಿಯನ್ನು ಸೇರಿದವು. ಹುಬ್ಬಳ್ಳಿಯ ಎತ್ತರದಿಂದ ಸಮುದ್ರ ಮಟ್ಟಕ್ಕೆ ಸುಮಾರು 600 ಮೀಟರ್ ಇಳಿಯಬೇಕಾದ ಹಳಿಗಾಗಿ ಇದೇ ಗುಡ್ಡಗಳನ್ನು ಕಡಿಯಬೇಕಾಗುತ್ತದೆ.

ಹಾಗೆಂದು ಈಗಿನ ರಸ್ತೆ ನಿರಪಾಯಕಾರಿ ಎಂದೇನೂ ಅಲ್ಲ. 2025ರ ಜನವರಿ 22ರಂದು ಸವಣೂರಿನಿಂದ ಕುಮಟಾ ಸಂತೆಗೆ ತರಕಾರಿ, ಹಣ್ಣು ಒಯ್ಯುತ್ತಿದ್ದ ಲಾರಿ ಯಲ್ಲಾಪುರ ತಾಲ್ಲೂಕಿನ ಘಟ್ಟದ ರಸ್ತೆಯಲ್ಲಿ ಉರುಳಿ 10 ಜನ ವ್ಯಾಪಾರಿಗಳು ಸತ್ತರು. ಸಂತೆಯ ಸರಕಿನ ಮೇಲೆಯೇ ಕುಳಿತು ನಸುಕಿನಲ್ಲಿ ಘಟ್ಟ ಇಳಿಯುವುದು ಈ ಭಾಗದ ಬಡ ವ್ಯಾಪಾರಿಗಳ ನಿತ್ಯದ ಬದುಕು. ಕಾಡಿನ ಹೆಸರಿನಲ್ಲಿ ರೈಲು ಬೇಡವೆನ್ನುವವರು ಈ ಸಾವುಗಳಿಗೂ ಉತ್ತರ ಹುಡುಕಬೇಕಾಗುತ್ತದೆ.

ಅಡಿಪಾಯವೇ ಸರಿದಾಗ

ಯೋಜನೆಯ ಮೂಲ ಸಮರ್ಥನೆ ಈ ನಡುವೆ ಏನಾಯಿತೆಂಬುದನ್ನೂ ಗಮನಿಸಬೇಕು. ಅಕ್ರಮ ಗಣಿಗಾರಿಕೆಯ ಹಗರಣದ ಹಿನ್ನೆಲೆಯಲ್ಲಿ 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತನ್ನು ನಿಷೇಧಿಸಿತು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಬಳಿಕ ಗಣಿಗಾರಿಕೆ ಮಿತಿಗಳೊಂದಿಗೆ ಮರಳಿತು. ರಫ್ತಿನ ಮೇಲಿನ ನಿರ್ಬಂಧ 2022ರ ಮೇ ತಿಂಗಳಲ್ಲಿ ಸಡಿಲಗೊಂಡಿತು. ಇಷ್ಟರಲ್ಲಿ ಅದಿರಿನ ದೊಡ್ಡ ಪಾಲು ಇಲ್ಲಿಯ ಉಕ್ಕಿನ ಕಾರ್ಖಾನೆಗಳಿಗೇ ಬೇಕಾಗುವ ಸ್ಥಿತಿ ಬಂದಿತ್ತು. ಯಾವ ಸರಕನ್ನು ನಂಬಿ ಹಳಿ ಹಾಕಲು ಹೊರಟರೋ ಅದು ಬಂದರಿಗೆ ಹೋಗುವುದೇ ಎಂಬುದು ಅನುಮಾನಕ್ಕೆ ಸಿಲುಕಿತು. ಬಂದರಿನಿಂದ ಒಳನಾಡಿಗೆ ಬರುವ ಕಲ್ಲಿದ್ದಲಿನ ಮಾತು ಮುಂದೆ ಬಂದಿತು.

ಇದೇ ಕಲ್ಲಿದ್ದಲಿಗಾಗಿ ಹಳೆಯ ಕ್ಯಾಸಲ್‌ರಾಕ್ ಮಾರ್ಗವನ್ನು ಜೋಡಿ ಹಳಿಯಾಗಿಸುವ ಪ್ರಯತ್ನವೂ ನಡೆಯಿತು. ಗೋವೆಯಲ್ಲಿ ವ್ಯಾಪಕ ವಿರೋಧ ಎದ್ದಿತು. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ತಿನೈಘಾಟ್-ಕ್ಯಾಸಲ್‌ರಾಕ್-ಕುಳೆಂ ಭಾಗದ ಜೋಡಿ ಮಾರ್ಗಕ್ಕೆ ರಾಷ್ಟ್ರೀಯ ವನ್ಯಜೀವಿ ಮಂಡಳಿ ನೀಡಿದ್ದ ಒಪ್ಪಿಗೆಯನ್ನು ರದ್ದುಗೊಳಿಸಿತು. ಮಾರ್ಗದ ಅಗತ್ಯ ಏನೆಂಬುದನ್ನು ಸಮರ್ಪಕವಾಗಿ ತೋರಿಸದೆ ಪಶ್ಚಿಮ ಘಟ್ಟದಲ್ಲಿ ಹೊಸ ಹಳಿಗೆ ಅನುಮತಿ ಸಿಗದೆಂಬ ಪಾಠ ಅದರಲ್ಲಿದೆ. ಈ ತೀರ್ಪನ್ನು ಎರಡೂ ಪಕ್ಷಗಳು ತಮ್ಮ ಪರವಾಗಿ ಓದಬಲ್ಲವು. ಹಳೆಯ ದಾರಿ ಅಗಲವಾಗದಿದ್ದರೆ ಹೊಸ ದಾರಿ ಬೇಕೇಬೇಕು ಎನ್ನುವವರಿದ್ದಾರೆ. ಹಳೆಯ ದಾರಿಯ ಅಗಲೀಕರಣವೇ ಕಾಡಿಗೆ ಹೊರೆಯಾದರೆ ಹೊಸ ದಾರಿ ಇನ್ನೆಷ್ಟು ಹೊರೆ ಎನ್ನುವವರೂ ಇದ್ದಾರೆ.

ಕಲಘಟಗಿಯವರೆಗಾದರೂ ಬರಲಿ ಎಂದರೆ?

ಇಲ್ಲಿ ಸಹಜವಾಗಿ ಹುಟ್ಟುವ ಪ್ರಶ್ನೆ: ಕಾಡಿನ ತಕರಾರು ಇರುವುದು ಕಿರವತ್ತಿಯ ಆಚೆ. ಹುಬ್ಬಳ್ಳಿಯಿಂದ ಕಲಘಟಗಿಯವರೆಗಿನ ಸುಮಾರು 30 ಕಿ.ಮೀ. ದಾರಿ ಬಹುಮಟ್ಟಿಗೆ ಹೊಲಗದ್ದೆಗಳ ನಡುವಿನದು. ಅಷ್ಟನ್ನಾದರೂ ಮುಗಿಸಿ ರೈಲು ಓಡಿಸಬಾರದೇಕೆ?

ಎರಡು ತೊಡಕುಗಳಿವೆ. ಮೊದಲನೆಯದು ಕಾನೂನಿನದು. ಅರಣ್ಯ ಭೂಮಿ ಒಳಗೊಂಡ ಯೋಜನೆಯಲ್ಲಿ ಅನುಮತಿಗೆ ಮೊದಲೇ ಅರಣ್ಯೇತರ ಭಾಗದಲ್ಲಿ ಕೆಲಸ ಮುಗಿಸಿಬಿಟ್ಟರೆ, ಇಷ್ಟು ಹಣ ಖರ್ಚಾಗಿದೆ, ಇನ್ನುಳಿದದ್ದಕ್ಕೂ ಒಪ್ಪಿಗೆ ಕೊಡಿ ಎಂಬ ಒತ್ತಡ ತಾನಾಗಿಯೇ ಹುಟ್ಟುತ್ತದೆ. ಪರಿಸರ ಸಂಘಟನೆಗಳು ಹುಬ್ಬಳ್ಳಿ ಕಡೆಯ ಮಣ್ಣಿನ ಕೆಲಸವನ್ನು ಪ್ರಶ್ನಿಸಿದ್ದು ಇದೇ ಆಧಾರದ ಮೇಲೆ. ಈ ಶಂಕೆ ನಿರಾಧಾರವಲ್ಲ. ಇದನ್ನು ನಿವಾರಿಸಬೇಕಾದರೆ ಕಲಘಟಗಿ ಮಾರ್ಗವನ್ನು ಅಂಕೋಲಾ ಯೋಜನೆಯಿಂದ ಬೇರ್ಪಡಿಸಿ, ಅದೇ ಕೊನೆಯ ನಿಲ್ದಾಣವೆಂದು ಲಿಖಿತವಾಗಿ ಘೋಷಿಸಿ, ಸ್ವತಂತ್ರ ಯೋಜನೆಯಾಗಿ ಮಂಡಿಸಬೇಕಾಗುತ್ತದೆ.

ಎರಡನೆಯದು ಹಣದ ಲೆಕ್ಕ. ಬಂದರನ್ನು ಮುಟ್ಟದ, ಸರಕು ಹೊರದ ಕಿರು ಮಾರ್ಗ ಪ್ರಯಾಣಿಕರಿಂದಲೇ ಬದುಕಬೇಕು. ಇದಕ್ಕೆ ನಮ್ಮ ಕಣ್ಣೆದುರಿಗೇ ಉದಾಹರಣೆಯಿದೆ. ಅಳ್ನಾವರದಿಂದ ದಾಂಡೇಲಿಯತ್ತ ಹೋಗುವ ಕವಲು ಮಾರ್ಗದಲ್ಲಿ ಪ್ರಯಾಣಿಕ ಸಂಚಾರ ದಶಕಗಳ ಕಾಲ ನಿಂತಿತ್ತು. ಜನರ ಬೇಡಿಕೆಗೆ ಮಣಿದು 2019ರ ನವೆಂಬರ್‌ನಲ್ಲಿ ಅಂಬೇವಾಡಿಯವರೆಗೆ ಮತ್ತೆ ರೈಲು ಬಂದಿತು. ಕೆಲವೇ ತಿಂಗಳಲ್ಲಿ ಕೋವಿಡ್ ಬಂದು ದೇಶದ ಎಲ್ಲ ರೈಲುಗಳಂತೆ ಅದೂ ನಿಂತಿತು. ಹಳಿ ಇದ್ದ ಮಾತ್ರಕ್ಕೆ ರೈಲು ಓಡಲಾರದು, ಸಮಯ ಹೊಂದುವ, ದಿನಕ್ಕೆ ಹಲವು ಬಾರಿ ಓಡುವ ಸೇವೆ ಬೇಕು ಎಂಬುದನ್ನು ಈ ಪ್ರಸಂಗ ಕಲಿಸುತ್ತದೆ.

ಆದರೆ ಕಲಘಟಗಿಯ ಪರಿಸ್ಥಿತಿ ದಾಂಡೇಲಿಯದಕ್ಕಿಂತ ಭಿನ್ನ. ಇಲ್ಲಿಂದ ಹುಬ್ಬಳ್ಳಿ-ಧಾರವಾಡಕ್ಕೆ ಕಾಲೇಜು, ಆಸ್ಪತ್ರೆ, ಕಾರ್ಖಾನೆ, ಮಾರುಕಟ್ಟೆಗಳಿಗಾಗಿ ನಿತ್ಯ ಓಡಾಡುವ ಜನರಿದ್ದಾರೆ. ಭತ್ತ, ಗೋವಿನಜೋಳ, ಹತ್ತಿ, ಕಬ್ಬು, ಮಾವು ಬೆಳೆಯುವ ಸೀಮೆ ಇದು. ಬಣ್ಣದ ತೊಟ್ಟಿಲಿಗೆ ನಾಡಿನಲ್ಲೆಲ್ಲ ಹೆಸರಾದ ಊರು ಕಲಘಟಗಿ. ಹುಬ್ಬಳ್ಳಿಗೆ ಕುಡಿಯುವ ನೀರು ಕೊಟ್ಟ ನೀರಸಾಗರ ಕೆರೆ ಇರುವುದೂ ಇದೇ ತಾಲ್ಲೂಕಿನಲ್ಲಿ. ನಗರಕ್ಕೆ ನೀರು, ಕಾಳು, ಕೂಲಿಯಾಳು ಎಲ್ಲವನ್ನೂ ಕೊಡುವ ತಾಲ್ಲೂಕು ನಗರದಿಂದ ಸಾರಿಗೆಯ ಸೌಲಭ್ಯ ಕೇಳಿದರೆ ಅದು ದುರಾಸೆಯಾಗದು.

ಹೋಲಿಕೆಗೆ ಇನ್ನೊಂದು ಯೋಜನೆಯನ್ನು ನೋಡಬಹುದು. ಧಾರವಾಡ-ಕಿತ್ತೂರು-ಬೆಳಗಾವಿ ನೇರ ಮಾರ್ಗ 73 ಕಿ.ಮೀ. ಉದ್ದದ್ದು, 927 ಕೋಟಿ ರೂಪಾಯಿ ಅಂದಾಜಿನಲ್ಲಿ 2020ರಲ್ಲಿ ಮಂಜೂರಾದದ್ದು. ಕಾಡನ್ನು ಸುತ್ತುವ ಲೋಂಡಾ ದಾರಿಯ ಬದಲು ಬಯಲಿನಲ್ಲಿ ಎರಡು ನಗರಗಳನ್ನು ಜೋಡಿಸುತ್ತದೆ. ಅದಕ್ಕೆ ಕಾಡಿನ ಅಡ್ಡಿ ಇಲ್ಲ. ಅಲ್ಲಿಯ ವಿಳಂಬಕ್ಕೆ ಕಾರಣ ಫಲವತ್ತಾದ ಹೊಲಗಳ ಸ್ವಾಧೀನದ ತಕರಾರು. ಜನರ ಪ್ರಯಾಣವನ್ನೇ ಮುಂದಿಟ್ಟುಕೊಂಡು ಮಾರ್ಗವೊಂದಕ್ಕೆ ಮಂಜೂರಾತಿ ಪಡೆಯಬಹುದೆಂಬುದಕ್ಕೆ ಇದು ಸಾಕ್ಷಿ. ಅಂಥದ್ದೇ ಒಂದು ಪ್ರತ್ಯೇಕ ಅಧ್ಯಯನವನ್ನು ಕಲಘಟಗಿಗಾಗಿ ನಡೆಸಿ ಅದರ ಫಲಿತಾಂಶವನ್ನು ಜನರ ಮುಂದಿಡಲು ಕಾಡೂ ಅಡ್ಡಬಾರದು, ಕೋರ್ಟೂ ಅಡ್ಡಬಾರದು.

ನಾಳೆಯೇ ಆಗಬಹುದಾದ ಕೆಲಸ

ಹಳಿಗಾಗಿ ಇನ್ನೊಂದು ತಲೆಮಾರು ಕಾಯುವ ಬದಲು ಈಗಲೇ ಆಗಬಹುದಾದ ಕೆಲವು ಕೆಲಸಗಳಿವೆ. ಹುಬ್ಬಳ್ಳಿ, ಧಾರವಾಡ ನಿಲ್ದಾಣಗಳ ಕಟ್ಟಡಗಳು ಹೊಸದಾಗಿವೆ. ಆದರೆ ಗ್ರಾಮೀಣ ಬಸ್ಸುಗಳ ವೇಳಾಪಟ್ಟಿ ರೈಲಿನ ವೇಳಾಪಟ್ಟಿಯೊಂದಿಗೆ ಇನ್ನೂ ಹೊಂದಿಕೊಂಡಿಲ್ಲ. ವಾಯವ್ಯ ಸಾರಿಗೆ ಸಂಸ್ಥೆಯ ಕೇಂದ್ರ ಹುಬ್ಬಳ್ಳಿಯಲ್ಲಿದೆ, ನೈರುತ್ಯ ರೈಲ್ವೆಯ ಕೇಂದ್ರವೂ ಹುಬ್ಬಳ್ಳಿಯಲ್ಲಿಯೇ ಇದೆ. ಎರಡೂ ಕಚೇರಿಗಳ ಅಧಿಕಾರಿಗಳು ಒಂದೆಡೆ ಕುಳಿತರೆ, ರಾತ್ರಿಯ ಮುಖ್ಯ ರೈಲುಗಳು ಬಂದ ಅರ್ಧ ಗಂಟೆಯಲ್ಲಿ ಕಲಘಟಗಿಯ ಕಡೆಗೊಂದು ಬಸ್ಸು ನಿಲ್ದಾಣದ ಬಾಗಿಲಿನಿಂದಲೇ ಹೊರಡುವಂತೆ ಮಾಡಬಹುದು. ಇದಕ್ಕೆ ಒಂದು ಮರವನ್ನೂ ಕಡಿಯಬೇಕಾಗಿಲ್ಲ.

ಆಗಬೇಕಾದ ಇನ್ನೊಂದು ಕೆಲಸ ಭೂಮಿಗೆ ಸಂಬಂಧಿಸಿದ್ದು. ಯೋಜನೆಗಾಗಿ ಗುರುತಿಸಿ ಅಥವಾ ಮಣ್ಣು ಹಾಕಿ ಬಿಟ್ಟ ಜಾಗದ ಭವಿಷ್ಯವೇನೆಂಬುದನ್ನು ಸರ್ಕಾರ ಸ್ಪಷ್ಟಪಡಿಸಬೇಕು. ರೈಲು ಬರುವುದಾದರೆ ಯಾವಾಗ, ಬಾರದಾದರೆ ಆ ಜಾಗ ಯಾರಿಗೆ? ಹೊಲದ ಪಕ್ಕದಲ್ಲಿ ಅರೆಬರೆ ಮಣ್ಣಿನ ದಿಬ್ಬ ನೋಡಿಕೊಂಡೇ ಬದುಕುವ ರೈತನಿಗೆ ಈ ಉತ್ತರ ಪಡೆಯುವ ಹಕ್ಕಿದೆ.

ಎಲ್ಲಕ್ಕೂ ಮಿಗಿಲಾಗಿ ಬೇಕಾದದ್ದು ಒಂದು ಖಚಿತ ನಿರ್ಧಾರ. 1997ರಿಂದ ಈಚೆಗೆ ಪ್ರತಿ ಚುನಾವಣೆಯಲ್ಲಿಯೂ ಹುಬ್ಬಳ್ಳಿ-ಅಂಕೋಲಾ ರೈಲು ಭಾಷಣದಲ್ಲಿ ಓಡಿದೆ. ಎಲ್ಲ ಪಕ್ಷಗಳೂ ಅದಕ್ಕೆ ಹಸಿರು ನಿಶಾನೆ ತೋರಿಸಿವೆ. ಆಗದು ಎಂದು ಹೇಳುವ ಧೈರ್ಯ ಯಾರಿಗೂ ಇಲ್ಲ, ಆಗುವಂತೆ ಮಾಡುವ ದಾರಿಯೂ ಯಾರ ಬಳಿಯೂ ಇಲ್ಲ. ಘಟ್ಟದ ಭಾಗ ಸಾಧ್ಯವೇ ಇಲ್ಲವೆಂದಾದರೆ ಅದನ್ನು ನೇರವಾಗಿ ಹೇಳಿ, ಬಯಲಿನ ಭಾಗದ ಹಣೆಬರಹವನ್ನು ಅದರಿಂದ ಬಿಡಿಸಬೇಕು. ಕಡಲಿನ ಜತೆ ಕಟ್ಟಿಹಾಕಿದ್ದರಿಂದಲೇ ಕಲಘಟಗಿಯ ನಿಲ್ದಾಣ ಎರಡು ಬಾರಿ ಮುಳುಗಿದೆ.

ಹತ್ತಿ ಹೋಯಿತು, ಅದಿರು ಬಂದಿತು. ಅದಿರು ಹೋಗಿ ಕಲ್ಲಿದ್ದಲಿನ ಮಾತು ಬಂದಿದೆ. ಹುಬ್ಬಳ್ಳಿಯ ಉದ್ದನೆಯ ಕಟ್ಟೆಯ ಮೇಲೆ ಬೆಳಗಿನ ಬಸ್ಸಿಗಾಗಿ ಕಾಯುತ್ತ ಕುಳಿತ ಬಮ್ಮಿಗಟ್ಟಿಯ ಪ್ರಯಾಣಿಕ ಮಾತ್ರ ಯಾವ ಸರಕಿನ ಪಟ್ಟಿಯಲ್ಲಿಯೂ ಇಲ್ಲ. ಮೂರನೆಯ ಬಾರಿ ಯೋಜನೆ ಬರೆಯುವವರು ಅವನ ಹೆಸರಿನಿಂದಲೇ ಆರಂಭಿಸುವರೇ ಎಂಬುದನ್ನು ಕಾದು ನೋಡಬೇಕಾಗಿದೆ.